ಮನೆಯ ಹವಾಮಾನ ಯಂತ್ರ: ಒತ್ತಡ ನಂಬಿ, ತಾಪಮಾನ ಪರೀಕ್ಷಿಸಿ, ಮೋಡದ ಚಿತ್ರ ಮರೆತುಬಿಡಿ

ಒಳಗೆ ಬಣ್ಣದ ಪರದೆಯ ಒಂದು ಕನ್ಸೋಲ್, ಹೊರಗೆ ಅಂಗೈಯಷ್ಟು ದೊಡ್ಡ ಬಿಳಿ ಸೆನ್ಸರ್, ನಡುವೆ ವೈರ್ ಇಲ್ಲ. ಆನ್‌ಲೈನ್‌ನಲ್ಲಿ ಹತ್ತಾರು ಹೆಸರಿನಲ್ಲಿ ಸಿಗುವ ಈ ಸೆಟ್‌ಗಳ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಮಳೆ, ಗಾಳಿ ಅಳೆಯುವ ದೊಡ್ಡ ಸೆಟ್ ತಂದರೂ ತಾಪಮಾನ ಮತ್ತು ಒತ್ತಡದ ಭಾಗ ಇದೇ ಬಗೆಯದು. ಹಾಗಾಗಿ ಇಲ್ಲಿ ಯಾವುದೋ ಒಂದು ಮಾಡೆಲ್ ಹಿಡಿದು ಕೂರದೆ ಇಡೀ ಜಾತಿಯನ್ನೇ ನೋಡೋಣ. ಅದೂ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆಯಲ್ಲಿ ಇಟ್ಟರೆ ಇದು ಹೇಗೆ ನಡೆದುಕೊಳ್ಳುತ್ತದೆ ಎಂದು. ಜೊತೆಗೆ ಬರುವ ಕೈಪಿಡಿ ಬರೆದವರ ತಲೆಯಲ್ಲಿ ಇರುವುದು ಯುರೋಪಿನ ಆಕಾಶ, ಸಮುದ್ರಮಟ್ಟದ ಊರು. ನಾವಿರುವುದು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆರೇಳುನೂರು ಮೀಟರ್ ಎತ್ತರದಲ್ಲಿ. ಗೊಂದಲ ಹುಟ್ಟುವುದೆಲ್ಲ ಇಲ್ಲಿಂದಲೇ.

ಮೊದಲೇ ಹೇಳಿಬಿಡುವುದಾದರೆ: ಒತ್ತಡ ಅಳೆಯುವ ಚಿಪ್ ಕೊಟ್ಟ ದುಡ್ಡಿಗೆ ಮೀರಿದ ಕೆಲಸ ಮಾಡುತ್ತದೆ. ತಾಪಮಾನದ ಸೆನ್ಸರ್ ಕೂಡ ಕೆಟ್ಟದ್ದೇನಲ್ಲ, ಅದನ್ನು ಕೂರಿಸಿದ ಡಬ್ಬಿ ಕೆಟ್ಟದ್ದು. ಪರದೆಯ ಮೇಲೆ ಬದಲಾಗುತ್ತಿರುವ ಸೂರ್ಯ, ಮೋಡ, ಮಳೆಹನಿಯ ಚಿತ್ರಕ್ಕೆ ನಮ್ಮ ಕಡೆ ಮೂರು ಕಾಸಿನ ಬೆಲೆ ಇಲ್ಲ.

ಪೆಟ್ಟಿಗೆ ಬಿಚ್ಚಿ ಸೆಲ್ ಹಾಕಿದ ಕೂಡಲೇ ಹುಬ್ಬಳ್ಳಿಯ ಮನೆಯಲ್ಲಿ ಒತ್ತಡ 935 ಮಿಲಿಬಾರ್ ಆಸುಪಾಸು ಕಾಣುತ್ತದೆ. ಹವಾಮಾನ ಇಲಾಖೆಯ ನಕ್ಷೆಯಲ್ಲಿ 1008, 1010 ಅಂತ ಇರುತ್ತದೆ. ಯಂತ್ರ ಕೆಟ್ಟಿದೆ ಎಂದು ಇಲ್ಲಿಯೇ ವಾಪಸ್ ಕಳಿಸುವವರಿದ್ದಾರೆ. ಕೆಟ್ಟಿಲ್ಲ. ಅದು ತೋರಿಸುತ್ತಿರುವುದು ಅಬ್ಸಲ್ಯೂಟ್ ಒತ್ತಡ, ಅಂದರೆ ನಿಮ್ಮ ಪಡಸಾಲೆಯಲ್ಲಿ ನಿಜವಾಗಿ ಇರುವ ಗಾಳಿಯ ಭಾರ. ಎತ್ತರಕ್ಕೆ ಹೋದಷ್ಟೂ ಮೇಲಿನ ಗಾಳಿ ಕಡಿಮೆ, ಭಾರವೂ ಕಡಿಮೆ. ಪ್ರಮಾಣಿತ ವಾತಾವರಣದ ಸೂತ್ರ ಹಿಡಿದು ಲೆಕ್ಕ ಹಾಕಿದರೆ 570 ಮೀಟರ್ ಎತ್ತರದ ಹಾವೇರಿಗೆ ಸುಮಾರು 947, 650 ಮೀಟರ್‌ನ ಗದಗಕ್ಕೆ 938, 662 ಮೀಟರ್‌ನಲ್ಲಿರುವ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ 936, ಧಾರವಾಡದ 750 ಮೀಟರ್ ದಿಬ್ಬಕ್ಕೆ 926 ಬರುತ್ತದೆ. ಮಳೆಗಾಲದಲ್ಲಿ ಇದಕ್ಕಿಂತ ಇನ್ನೂ ನಾಲ್ಕೈದು ಇಳಿಯುತ್ತದೆ. 1999ರ ಒಡಿಶಾ ಸೂಪರ್ ಸೈಕ್ಲೋನಿನ ನಡುಮಧ್ಯದಲ್ಲಿ ಸಮುದ್ರಮಟ್ಟದ ಒತ್ತಡ 912ಕ್ಕೆ ಇಳಿದಿತ್ತು; ಧಾರವಾಡದಲ್ಲಿ ಜುಲೈ ತಿಂಗಳ ಸಾದಾ ಮಧ್ಯಾಹ್ನವೇ ಅದರ ಹತ್ತಿರದ ಅಂಕಿ ತೋರಿಸುತ್ತದೆ. ಎತ್ತರದ ಲೆಕ್ಕ ಕಳೆಯದೆ ಒತ್ತಡ ಹೋಲಿಸಿದರೆ ಆಗುವ ಅನಾಹುತ ಇದು.

ಅಳತೆಯ ಮಾನ ಹೆಕ್ಟೊಪ್ಯಾಸ್ಕಲ್ ಎಂದಿರಲಿ, ಮಿಲಿಬಾರ್ ಎಂದಿರಲಿ, ಎರಡೂ ಒಂದೇ. ಇಲ್ಲಿ ಮಿಲಿಬಾರ್ ಎಂದೇ ಬರೆಯುತ್ತೇವೆ. ಪರದೆಯಲ್ಲಿ 27.6 ಅಂತಲೋ 702 ಅಂತಲೋ ಕಂಡರೆ ಅದು ಪಾದರಸದ ಇಂಚು ಅಥವಾ ಮಿಲಿಮೀಟರ್ ಲೆಕ್ಕ; ಯೂನಿಟ್ ಬಟನ್ ಒತ್ತಿ ಬದಲಿಸಿ.

ಈಗ ರಿಲೇಟಿವ್ ಒತ್ತಡ ಹೊಂದಿಸುವ ಕೆಲಸ. ಇದೇ ಅಂಕಿ ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ, ಊರೂರಿಗೆ ಹೋಲಿಸಲು ಬರುವುದು ಇದೊಂದೇ. ಕನ್ಸೋಲನ್ನು ಕಾಯಂ ಇಡುವ ಜಾಗದಲ್ಲಿಟ್ಟು ಎರಡು ತಾಸು ಬಿಡಿ. ಬೆಳಿಗ್ಗೆ 10 ಗಂಟೆಯ ಹೊತ್ತು ಒಳ್ಳೆಯದು. ಆ ಹೊತ್ತಿಗೆ ಒತ್ತಡ ದಿನದ ತುದಿಗೆ ಬಂದು ನಿಂತಿರುತ್ತದೆ, ಹತ್ತು-ಇಪ್ಪತ್ತು ನಿಮಿಷ ಹೆಚ್ಚುಕಮ್ಮಿ ಆದರೂ ತಪ್ಪಾಗುವುದಿಲ್ಲ. ಹುಬ್ಬಳ್ಳಿ ವಿಮಾನ ನಿಲ್ದಾಣದ ಮೆಟಾರ್, ಅಂದರೆ ಪೈಲಟ್‌ಗಳಿಗಾಗಿ ಹೊರಡಿಸುವ ಹವಾ ವರದಿ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ನಿಲ್ದಾಣದ ಸಂಕೇತ ವಿಒಎಚ್‌ಬಿ. ಅದರಲ್ಲಿ ಸಮಯ ಗ್ರೀನ್‌ವಿಚ್ ಲೆಕ್ಕದಲ್ಲಿರುತ್ತದೆ, ಐದೂವರೆ ತಾಸು ಕೂಡಿಸಿದರೆ ನಮ್ಮ ಸಮಯ. ಕೊನೆಯ ಕಡೆ 'ಕ್ಯೂ' ಅಕ್ಷರದ ಮುಂದೆ ನಾಲ್ಕು ಅಂಕಿ ಇರುತ್ತವೆ, ಉದಾಹರಣೆಗೆ 1011. ಮೆಟಾರ್‌ನಲ್ಲಿ ದಶಮಾಂಶ ಬರೆಯುವುದಿಲ್ಲ, ಕತ್ತರಿಸಿ ಹಾಕುತ್ತಾರೆ. 1011.9 ಇದ್ದರೂ 1011 ಎಂದೇ ಬರುತ್ತದೆ. ಅದಕ್ಕಾಗಿ 0.5 ಕೂಡಿಸಿ 1011.5 ಎಂದು ಹಿಡಿಯಿರಿ. ಕನ್ಸೋಲ್‌ನಲ್ಲಿ ಪ್ರೆಷರ್ ಬಟನ್ ಒತ್ತಿ ಹಿಡಿದು, ರಿಲೇಟಿವ್ ಅಂಕಿ ಮಿಣುಕತೊಡಗಿದಾಗ ಅಷ್ಟಕ್ಕೆ ತಂದು ನಿಲ್ಲಿಸಿ. ಆಮೇಲೆ ಸಂಜೆ 4 ಗಂಟೆಗೊಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ತಾಳೆ ನೋಡಿ. ಮೂರೂ ಸಲ ಒಂದು ಮಿಲಿಬಾರ್ ಒಳಗೆ ಕೂತರೆ ಕೆಲಸ ಮುಗಿಯಿತು. ಗದಗ, ಹಾವೇರಿಯವರಿಗೂ ಇದೇ ವಿಮಾನ ನಿಲ್ದಾಣದ ಅಂಕಿ ನಡೆಯುತ್ತದೆ, ಗಾಳಿ-ಮಳೆ ಇಲ್ಲದ ತಣ್ಣನೆಯ ಮುಂಜಾನೆಯಲ್ಲಿ ಹೊಂದಿಸಿದರೆ ಸಾಕು.

ಇಲ್ಲೊಂದು ಸೂಕ್ಷ್ಮ ಇದೆ, ಬಲ್ಲವರೂ ಎಡವುವ ಜಾಗ. ವಿಮಾನದವರ ಒತ್ತಡ, ಅಂದರೆ ಮೆಟಾರ್‌ನ ಆ 'ಕ್ಯೂ' ಅಂಕಿ, ಲೆಕ್ಕ ಹಾಕುವಾಗ ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಇದೆ ಎಂದು ಹಿಡಿಯುತ್ತಾರೆ. ಹವಾಮಾನ ನಕ್ಷೆಯ ಒತ್ತಡದಲ್ಲಿ ಆ ದಿನದ ನಿಜವಾದ ತಾಪಮಾನ ಸೇರಿಸುತ್ತಾರೆ. ಬಿಸಿ ಗಾಳಿ ಹಗುರ. ಬೇಸಿಗೆಯ ಮಧ್ಯಾಹ್ನ ಹುಬ್ಬಳ್ಳಿಯ ಎತ್ತರದಲ್ಲಿ ಈ ಎರಡು ಲೆಕ್ಕಗಳ ನಡುವೆ ಐದಾರು ಮಿಲಿಬಾರ್ ತನಕ ವ್ಯತ್ಯಾಸ ಬರುತ್ತದೆ. ಒಂದು ದಿನ ಮೆಟಾರ್ ನೋಡಿ, ಇನ್ನೊಂದು ದಿನ ನಕ್ಷೆ ನೋಡಿ ಯಂತ್ರ ತಿರುವುತ್ತಿದ್ದರೆ ಎಂದೂ ಸರಿಹೋಗುವುದಿಲ್ಲ. ಒಂದನ್ನೇ ಹಿಡಿಯಿರಿ. ಮನೆಯ ಯಂತ್ರ ಅಬ್ಸಲ್ಯೂಟ್‌ಗೆ ಒಂದು ಸ್ಥಿರ ಸಂಖ್ಯೆ ಕೂಡಿಸುವುದಷ್ಟೇ ಮಾಡುತ್ತದೆ, ಆದ್ದರಿಂದ ಅದಕ್ಕೆ ಮೆಟಾರ್ ಹತ್ತಿರದ ಜೋಡಿ.

ಕೆಲವು ಮಾಡೆಲ್‌ಗಳಲ್ಲಿ ಒತ್ತಡದ ಬದಲು ಊರಿನ ಎತ್ತರ ಕೇಳುತ್ತದೆ. ಇಲ್ಲಿ ಮೊಬೈಲಿನ ಜಿಪಿಎಸ್ ಆ್ಯಪ್ ನಂಬಿದರೆ ಕೆಟ್ಟಿರಿ. ಕಚ್ಚಾ ಜಿಪಿಎಸ್ ಎತ್ತರ ಭೂಮಿಯ ಗಣಿತದ ಆಕಾರದಿಂದ ಎಣಿಸಿದ್ದು; ದಕ್ಷಿಣ ಭಾರತದಲ್ಲಿ ಅದು ಸಮುದ್ರಮಟ್ಟದಿಂದ ಎಣಿಸಿದ್ದಕ್ಕಿಂತ 80ರಿಂದ 90 ಮೀಟರ್ ಕಡಿಮೆ ತೋರಿಸುತ್ತದೆ. ಒಳ್ಳೆಯ ಆ್ಯಪ್‌ಗಳು ಇದನ್ನು ಸರಿಪಡಿಸಿಯೇ ಕೊಡುತ್ತವೆ, ಎಲ್ಲವೂ ಅಲ್ಲ. ಒಂಬತ್ತು ಮೀಟರ್‌ಗೆ ಒಂದು ಮಿಲಿಬಾರ್ ಎಂದರೆ ಒಂಬತ್ತು ಮಿಲಿಬಾರ್ ಎಡವಟ್ಟು. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತದೆ. ಅದನ್ನು ಬುನಾದಿಯಾಗಿ ಹಿಡಿದು, ಅಲ್ಲಿಂದ ನಿಮ್ಮ ಓಣಿ ಎಷ್ಟು ಏರು, ಎಷ್ಟು ತಗ್ಗು ಎಂದು ಸೇರಿಸಿಕೊಳ್ಳುವುದು ವಾಸಿ. ಮನೆಯ ಮಹಡಿಯನ್ನೂ ಮರೆಯಬೇಡಿ, ಒಂದು ಅಂತಸ್ತಿಗೆ 0.3 ಮಿಲಿಬಾರ್.

ಆ 0.3 ನಿಮಗೆ ಕಣ್ಣಾರೆ ಕಾಣುತ್ತದೆ. ಕನ್ಸೋಲನ್ನು ಅಬ್ಸಲ್ಯೂಟ್‌ಗೆ ಇಟ್ಟು, ನೆಲಮಹಡಿಯಲ್ಲಿ ಐದು ನಿಮಿಷ ಬಿಟ್ಟು ಅಂಕಿ ಬರೆದುಕೊಳ್ಳಿ. ಮೂರು ಅಂತಸ್ತು ಹತ್ತಿ ಮಾಳಿಗೆ ಮೆಟ್ಟಿಲ ನೆರಳಲ್ಲಿ ಮತ್ತೆ ಐದು ನಿಮಿಷ. ಒಂದು ಮಿಲಿಬಾರ್ ಇಳಿದಿರಬೇಕು. ಕೆಳಗೆ ಬಂದರೆ ಮತ್ತೆ ಹಳೆಯ ಅಂಕಿಗೆ ಬರಬೇಕು. ಹುಬ್ಬಳ್ಳಿ-ಧಾರವಾಡ ಬಸ್ಸಿನಲ್ಲಿ ಚೀಲದಲ್ಲಿಟ್ಟುಕೊಂಡು ಹೋದರೆ ಎಂಟೊಂಬತ್ತು ಮಿಲಿಬಾರ್ ಇಳಿಯುವುದು ನೋಡಬಹುದು. ಇಷ್ಟು ನಾಜೂಕಾಗಿ ಅಳೆಯುವ ಸಾಮಾನು ಇಷ್ಟು ಅಗ್ಗಕ್ಕೆ ಸಿಗುವುದು ಮೊಬೈಲ್ ಮತ್ತು ಡ್ರೋನ್‌ಗಳ ಪುಣ್ಯ. ಒಳಗಿರುವ ಚಿಪ್ ಬಾಶ್ ಕಂಪನಿಯ ಬಿಎಂಇ280 ವರ್ಗದ್ದಾದರೆ, ಏರಿಳಿತ ಹಿಡಿಯುವಲ್ಲಿ 0.12 ಮಿಲಿಬಾರ್ ನಿಖರತೆ, ಒಟ್ಟು ಅಂಕಿಯಲ್ಲಿ ಒಂದು ಮಿಲಿಬಾರ್ ಆಚೀಚೆ. ವರ್ಷಕ್ಕೆ ಮತ್ತೊಂದು ಮಿಲಿಬಾರ್ ಸರಿಯಬಹುದು. ಆರು ತಿಂಗಳಿಗೊಮ್ಮೆ ತಾಳೆ ನೋಡಿ ಹೊಂದಿಸಿದರೆ ಸಾಕು.

ಕೊಳ್ಳುವ ಮುನ್ನ ಒಂದು ಎಚ್ಚರ. ಹಳೆಯ ವಿನ್ಯಾಸದ ಕೆಲವು ಕನ್ಸೋಲ್‌ಗಳ ಒತ್ತಡದ ವ್ಯಾಪ್ತಿ 919ರಿಂದ 1080 ಮಾತ್ರ. ಸಮುದ್ರ ದಂಡೆಯ ಊರಿಗೆ ಇದು ಧಾರಾಳ. ಧಾರವಾಡದ ಎತ್ತರದ ಬಡಾವಣೆಯಲ್ಲಿ ಮುಂಗಾರಿನ ಮಧ್ಯಾಹ್ನ ಅಬ್ಸಲ್ಯೂಟ್ 920ರ ಹತ್ತಿರ ಓಡಾಡುವಾಗ ಅಂಚಿಗೇ ಬಂದು ನಿಲ್ಲುತ್ತದೆ. ಹೊಸವು 300ರಿಂದ 1100 ಅಳೆಯುತ್ತವೆ. ಪೆಟ್ಟಿಗೆಯ ಮೇಲೆ ಈ ಸಾಲು ಓದದೆ ದುಡ್ಡು ಕೊಡಬೇಡಿ.

ಇನ್ನು ಆ ಚಿತ್ರದ ವಿಷಯ. "ಏನ್ರೀ, ನಿಮ್ಮ ಮಷೀನ್ ಮಳಿ ಅಂತ ತೋರಿಸಾಕತ್ತೈತಿ, ಆಕಾಶ ನೋಡಿದ್ರ ಹತ್ತಿ ಆರಿಸೋಹಂಗೈತಿ" ಎನ್ನುವ ಮಾತು ಇಂಥ ಯಂತ್ರ ಇರುವ ಮನೆಗಳಲ್ಲಿ ಸಾಮಾನ್ಯ. ಕಾರಣ ಸರಳ. ನಮ್ಮ ಅಕ್ಷಾಂಶದಲ್ಲಿ ವಾತಾವರಣಕ್ಕೆ ಸಮುದ್ರದ ಹಾಗೆ ದಿನಕ್ಕೆರಡು ಉಬ್ಬರ, ಎರಡು ಇಳಿತ. ಬೆಳಿಗ್ಗೆ 10ರ ಸುಮಾರಿಗೆ ಏರಿ, ಸಂಜೆ 4ಕ್ಕೆ ಇಳಿದು, ರಾತ್ರಿ 10ಕ್ಕೆ ಮತ್ತೆ ಏರಿ, ನಸುಕಿನ 4ಕ್ಕೆ ಸ್ವಲ್ಪ ಇಳಿಯುತ್ತದೆ. ಸೂರ್ಯನ ಬಿಸಿಲನ್ನು ಮೇಲಿನ ಓಝೋನ್ ಪದರವೂ ಗಾಳಿಯಲ್ಲಿನ ನೀರಾವಿಯೂ ಹೀರಿಕೊಳ್ಳುವುದರಿಂದ ಹುಟ್ಟುವ ಅಲೆ ಇದು. ಸಮಭಾಜಕದ ಹತ್ತಿರ ದೊಡ್ಡದು, ಧ್ರುವದ ಕಡೆ ಹೋದಂತೆ ಅಳಿಸಿಹೋಗುತ್ತದೆ. ಜರ್ಮನಿ, ಇಂಗ್ಲೆಂಡ್‌ನಲ್ಲಿ ಇದು ಒಂದು ಮಿಲಿಬಾರೂ ಇಲ್ಲ. ನಮ್ಮಲ್ಲಿ ಮಾರ್ಚ್-ಏಪ್ರಿಲ್‌ನ ನಿರ್ಮಲ ದಿನ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಮೂರರಿಂದ ನಾಲ್ಕು ಮಿಲಿಬಾರ್ ಇಳಿಯುತ್ತದೆ. ಯಂತ್ರದ ಸೂತ್ರವೋ, ಕೆಲವು ತಾಸಿನಲ್ಲಿ ಎರಡು ಮಿಲಿಬಾರ್ ಇಳಿದರೆ ಹವಾ ಕೆಡುತ್ತದೆ ಎಂಬುದು. ಹೀಗಾಗಿ ದಿನಾ ಮಧ್ಯಾಹ್ನ ಮಳೆ, ದಿನಾ ರಾತ್ರಿ ಬಿಸಿಲು.

ಕೆಲವು ಕನ್ಸೋಲ್‌ಗಳಲ್ಲಿ ಈ ಮಿತಿಯನ್ನು 2, 3, 4 ಮಿಲಿಬಾರ್ ಎಂದು ಆರಿಸಿಕೊಳ್ಳಬಹುದು. 4ಕ್ಕೆ ಇಡಿ, ಹುಚ್ಚಾಟ ಕಡಿಮೆಯಾಗುತ್ತದೆ. ಬಿರುಗಾಳಿ ಎಚ್ಚರಿಕೆಗೆ ಬೇರೆ ಮಿತಿ ಇದ್ದರೆ ಅದನ್ನು ಗರಿಷ್ಠಕ್ಕೆ ಏರಿಸಿ. ಬಾಣದ ಗುರುತು, ಚಿತ್ರ ಎರಡನ್ನೂ ಗೋಡೆಗೆ ತಿರುಗಿಸಿಟ್ಟರೂ ನಷ್ಟವೇನಿಲ್ಲ.

ಒತ್ತಡದಿಂದ ನಮ್ಮಲ್ಲಿ ಏನಾದರೂ ತಿಳಿಯಬೇಕಿದ್ದರೆ ಇವತ್ತಿನ 8:30ನ್ನು ನಿನ್ನೆಯ 8:30ರ ಜೊತೆ ಹೋಲಿಸಬೇಕು. ಒಂದೇ ಗಡಿಯಾರದ ಹೊತ್ತಾದ್ದರಿಂದ ದಿನದ ಉಬ್ಬರ-ಇಳಿತ ತಾನೇ ಕಳೆದುಹೋಗುತ್ತದೆ. ಹವಾಮಾನ ಇಲಾಖೆಯವರೂ ಬೆಳಿಗ್ಗೆ 8:30, ಸಂಜೆ 5:30ರ ಅಂಕಿಗಳಿಗೆ 24 ತಾಸಿನ ವ್ಯತ್ಯಾಸ ನೋಡುತ್ತಾರೆ. ದಿನದಿಂದ ದಿನಕ್ಕೆ ಒಂದು ಮಿಲಿಬಾರ್ ಒಳಗಿನ ಆಟಕ್ಕೆ ಅರ್ಥವಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಎರಡು ದಿನ ಬಿಡದೆ ಒಂದೂವರೆ, ಎರಡು ಮಿಲಿಬಾರ್ ಇಳಿಯುತ್ತ ಬಂದು, ಪಶ್ಚಿಮದ ಗಾಳಿಯೂ ಜೋರಾದರೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿರುವ ಸಾಧ್ಯತೆ ಹೆಚ್ಚು. ಧಾರವಾಡ, ಕಲಘಟಗಿ, ಹಾನಗಲ್ ಕಡೆ ಜಿಟಿಜಿಟಿ ಮಳೆ ಬಿರುಸಾಗುವ ಲಕ್ಷಣ. ಜನವರಿಗಿಂತ ಜೂನ್-ಜುಲೈ ಒತ್ತಡ ಐದಾರು ಮಿಲಿಬಾರ್ ಕಡಿಮೆ ಇರುವುದು ಋತುವಿನ ಸಹಜ ನಡೆ, ಅದಕ್ಕೆ ಗಾಬರಿ ಬೇಡ.

ಅಡ್ಡಮಳೆಯ ಕಥೆ ಬೇರೆ. ಏಪ್ರಿಲ್-ಮೇ ತಿಂಗಳ ಆ ಗುಡುಗಿನ ಸಂಜೆಯನ್ನು ಗ್ರಾಫ್ ಇರುವ ಕನ್ಸೋಲ್‌ನಲ್ಲಿ ನೋಡುವುದೇ ಒಂದು ಸೊಗಸು. ನಾಲ್ಕೂವರೆಗೆ 36 ಡಿಗ್ರಿ, ಒತ್ತಡ ದಿನದ ತಳದಲ್ಲಿ ಮಲಗಿದೆ. ಮೋಡ ಕವಿದು, ಧೂಳು ಎಬ್ಬಿಸಿಕೊಂಡು ತಣ್ಣನೆಯ ಗಾಳಿ ನುಗ್ಗಿದ ಕ್ಷಣ ಒತ್ತಡದ ಗೆರೆ ಗೋಡೆ ಹತ್ತಿದಂತೆ ಒಂದೆರಡು ಮಿಲಿಬಾರ್ ನೆಗೆಯುತ್ತದೆ. ಅದೇ ಹೊತ್ತಿಗೆ ತಾಪಮಾನದ ಗೆರೆ ಇಪ್ಪತ್ತು ನಿಮಿಷದಲ್ಲಿ ಎಂಟು-ಹತ್ತು ಡಿಗ್ರಿ ಬೀಳುತ್ತದೆ, ತೇವಾಂಶ ಮೇಲೇರುತ್ತದೆ. ಮೋಡದಿಂದ ಬೀಳುವ ಹನಿಗಳು ಅರ್ಧ ದಾರಿಯಲ್ಲೇ ಆವಿಯಾಗಿ ಗಾಳಿಯನ್ನು ತಂಪು ಮಾಡುತ್ತವೆ. ತಂಪು ಗಾಳಿ ಭಾರ, ಅದು ಕುಸಿದು ನೆಲದ ಮೇಲೆ ಹರಡಿದಾಗ ಆ ಭಾರವೇ ಯಂತ್ರದಲ್ಲಿ ಏರಿಕೆಯಾಗಿ ಕಾಣುತ್ತದೆ. ಒತ್ತಡ ಏರಿತು ಎಂದು ಯಂತ್ರ ಸೂರ್ಯನ ಚಿತ್ರ ತೋರಿಸುತ್ತದೆ, ಹೊರಗೆ ಆಲಿಕಲ್ಲು ಬೀಳುತ್ತಿರುತ್ತದೆ. ಗಾಳಿಯ ಹೊಡೆತಕ್ಕೆ ಅಂಕಿ ಅರ್ಧ ಮಿಲಿಬಾರ್ ಆಚೀಚೆ ಅಲುಗಾಡಿದರೆ ಅದೂ ಸರಿಯೇ. ಸೆಕೆಂಡಿಗೆ ಹತ್ತು ಮೀಟರ್ ವೇಗದ ಗಾಳಿ ಮನೆಗೆ ಬಡಿದಾಗ ಅಷ್ಟು ಒತ್ತಡ ಹುಟ್ಟಿಸುತ್ತದೆ.

ತಾಪಮಾನಕ್ಕೆ ಬರೋಣ. ಪರದೆಯಲ್ಲಿ 37.4 ಎಂದು ದಶಮಾಂಶ ಸಮೇತ ಕಂಡರೂ ಸೆನ್ಸರಿನ ನಿಖರತೆ ಸಾಮಾನ್ಯವಾಗಿ ಒಂದು ಡಿಗ್ರಿ ಆಚೀಚೆ. ಇದು ಸಹಿಸಬಹುದಾದ ತಪ್ಪು. ಸಹಿಸಲಾಗದ್ದು ಬಿಸಿಲಿನ ತಪ್ಪು. ಹೊರಗಿನ ಘಟಕವನ್ನು ನೇರ ಬಿಸಿಲಲ್ಲಿ ತೂಗುಹಾಕಿದರೆ ಅದು ಗಾಳಿಯ ಬದಲು ತನ್ನ ಪ್ಲಾಸ್ಟಿಕ್ ಡಬ್ಬಿಯ ತಾಪ ಅಳೆಯುತ್ತದೆ. ಮೂರರಿಂದ ಐದು ಡಿಗ್ರಿ ಹೆಚ್ಚು ತೋರಿಸುವುದು ಮಾಮೂಲು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಏಪ್ರಿಲ್ ಬಂತೆಂದರೆ ಹರಿದಾಡುವ "ನಮ್ಮಲ್ಲಿ 43" ಫೋಟೊಗಳಲ್ಲಿ ಬಹುಪಾಲು ಈ ಜಾತಿಯವು.

ಕೈಪಿಡಿ ಹೇಳುತ್ತದೆ: ಉತ್ತರದ ಗೋಡೆಗೆ ನೇತುಹಾಕಿ, ಅಲ್ಲಿ ಬಿಸಿಲು ಬೀಳುವುದಿಲ್ಲ. ಯುರೋಪಿನಲ್ಲಿ ಇದು ದಿಟ. ಹುಬ್ಬಳ್ಳಿಯಲ್ಲಿ ಮೇ ಮೊದಲ ವಾರದಲ್ಲಿ ಸೂರ್ಯ ನಡುನೆತ್ತಿಗೆ ಬಂದು ಶೂನ್ಯ ನೆರಳಿನ ದಿನ ಆಗುತ್ತದೆ, ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ಇರುತ್ತಾನೆ. ಬೆಳಗು-ಬೈಗಿನ ಬಿಸಿಲಂತೂ ಮಾರ್ಚ್ ಕೊನೆಯಿಂದಲೇ ಉತ್ತರದ ಗೋಡೆಗೆ ಓರೆಯಾಗಿ ಬೀಳತೊಡಗುತ್ತದೆ. ಅಂದರೆ ಅತಿ ಬಿಸಿಯ ತಿಂಗಳಲ್ಲೇ ಈ ಸಲಹೆ ಕೈಕೊಡುತ್ತದೆ. ಗೋಡೆಯೂ ಬಿಸಿಯನ್ನು ಹೀರಿ ಸಂಜೆ ಉಗುಳುತ್ತದೆ.

ಮಾಳಿಗೆ ಇನ್ನೂ ಕೆಟ್ಟ ಜಾಗ. ಸುಣ್ಣ ಬಳಿಯದ ಆರ್‌ಸಿಸಿ ಸ್ಲ್ಯಾಬ್ ಬೇಸಿಗೆಯಲ್ಲಿ ಕಾಲಿಡಲಾಗದಷ್ಟು ಕಾಯುತ್ತದೆ, ರಾತ್ರಿಯೂ ಬೇಗ ಆರುವುದಿಲ್ಲ. ಗರಿಷ್ಠ ಹೆಚ್ಚಾಗಿ ಬರುತ್ತದೆ, ಕನಿಷ್ಠವೂ ಹೆಚ್ಚಾಗಿ ಬರುತ್ತದೆ. ತಗಡಿನ ಶೆಡ್, ಎಸಿಯ ಹೊರಘಟಕ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್, ನೀರಿನ ಟಾಕಿ, ಬಟ್ಟೆ ಒಗೆಯುವ ಕಲ್ಲು, ಇವುಗಳಿಂದ ದೂರ ಇರಬೇಕು. ಸರಿಯಾದ ಜಾಗ ಹಿತ್ತಲಿನ ಮಣ್ಣು ಅಥವಾ ಹುಲ್ಲಿನ ನೆಲ, ನೆಲದಿಂದ 1.25ರಿಂದ 2 ಮೀಟರ್ ಎತ್ತರ, ಸುತ್ತ ಗಾಳಿ ಆಡುವಂತಿರಬೇಕು. ಹಿತ್ತಲಿಲ್ಲದ ಮನೆಯವರು ಬಾಲ್ಕನಿಯ ಕಂಬಿಯಿಂದ ಹೊರಗೆ ಅರ್ಧ ಮೀಟರ್ ಚಾಚಿದ ಪೈಪಿಗೆ ಕಟ್ಟುವುದು ಮುಂದಿನ ದಾರಿ.

ಜಾಗದಷ್ಟೇ ಮುಖ್ಯವಾದದ್ದು ಕವಚ. ಹವಾಮಾನ ಕೇಂದ್ರಗಳಲ್ಲಿ ಕಾಣುವ ಬಿಳಿ ಜಾಲಿಬಾಗಿಲಿನ ಸ್ಟೀವನ್‌ಸನ್ ಪೆಟ್ಟಿಗೆ ಮಾಡುವ ಕೆಲಸವನ್ನು ಚಿಕ್ಕದಾಗಿ ತಟ್ಟೆಗಳ ಕವಚ ಮಾಡುತ್ತದೆ. ಸಿದ್ಧ ಕವಚ ಸಿಗದಿದ್ದರೆ ಗಿಡದ ಕುಂಡದ ಕೆಳಗಿಡುವ ಆರಿಂಚಿನ ಪ್ಲಾಸ್ಟಿಕ್ ತಟ್ಟೆ ಒಂಬತ್ತು ತನ್ನಿ. ಬೆಳಕಿಗೆ ಹಿಡಿದು ನೋಡಿ, ಆಚೆ ಕೈ ಕಾಣಬಾರದು. ಕಂಡರೆ ಬಿಸಿಲೂ ತೂರುತ್ತದೆ. ಎಲ್ಲ ತಟ್ಟೆಗಳ ಹೊರಮೈಗೆ ಬಿಳಿ ಎನಾಮಲ್ ಎರಡು ಕೋಟು ಹೊಡೆಯಿರಿ. ಮೇಲಿನ ಎರಡಕ್ಕೆ ನಡುವಿನ ತೂತು ಬೇಡ. ಮುಂದಿನ ಆರಕ್ಕೆ ಸೆನ್ಸರ್ ಸಲೀಸಾಗಿ ಇಳಿಯುವಷ್ಟು, ಸುಮಾರು ಎಂಟು-ಒಂಬತ್ತು ಸೆಂಟಿಮೀಟರ್ ತೂತು ಕೊರೆಯಿರಿ. ಒಂಬತ್ತನೆಯದು ತಳಕ್ಕೆ, ಅದಕ್ಕೆ ನೀರು ಬಸಿಯಲು ನಾಲ್ಕು ಸಣ್ಣ ತೂತು; ನೆಲದಿಂದ ಚಿಮ್ಮುವ ಬಿಸಿಲನ್ನು ಇದು ತಡೆಯುತ್ತದೆ. ತಟ್ಟೆಗಳನ್ನು ಬೋರಲು ಹಾಕಿ, 6 ಮಿಲಿಮೀಟರ್‌ನ ಮೂರು ಥ್ರೆಡ್ ರಾಡಿಗೆ ಪೋಣಿಸಿ, ನಡುನಡುವೆ 15ರಿಂದ 18 ಮಿಲಿಮೀಟರ್ ಉದ್ದ ಕತ್ತರಿಸಿದ ಸಣ್ಣ ಪಿವಿಸಿ ಪೈಪಿನ ತುಂಡು ಕೊಡಿ. ಒಂದು ತಟ್ಟೆಯ ಅಂಚು ಕೆಳಗಿನ ತಟ್ಟೆಯ ಮೇಲ್ಮೈ ಮಟ್ಟಕ್ಕೆ ಬಂದಿರಬೇಕು. ಪಕ್ಕದಿಂದ ಕಣ್ಣಿಟ್ಟು ನೋಡಿದರೆ ಒಳಗಿನ ಸೆನ್ಸರ್ ಕಾಣಬಾರದು, ಊದಿದರೆ ಗಾಳಿ ಆಚೆ ಹೋಗಬೇಕು. ಸೆನ್ಸರನ್ನು ಕೇಬಲ್ ಟೈನಿಂದ ತೂಗುಬಿಡಿ, ಯಾವ ತಟ್ಟೆಗೂ ತಾಗಬಾರದು. ಗಾಳಿ ಇಲ್ಲದ ಸುಡುಬಿಸಿಲಿನಲ್ಲಿ ಇಷ್ಟಾದರೂ ಒಂದು ಡಿಗ್ರಿ, ಒಮ್ಮೊಮ್ಮೆ ಎರಡು, ಹೆಚ್ಚು ತೋರಿಸೀತು. ಅದೂ ಬೇಡವೆಂದರೆ ಗಾಳಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯುವಂತೆ ಕಂಪ್ಯೂಟರಿನ ಸಣ್ಣ ಫ್ಯಾನ್ ಕೂರಿಸುವುದು ಉಳಿದ ದಾರಿ. ಹವ್ಯಾಸಿಗಳಿಗೆ ಅದು, ಉಳಿದವರಿಗೆ ತಟ್ಟೆಯ ಕವಚ ಧಾರಾಳ.

ತಪ್ಪು ಸೆನ್ಸರಿನದೋ ಬಿಸಿಲಿನದೋ ಎಂದು ಬೇರ್ಪಡಿಸುವುದು ಸುಲಭ. ಸೂರ್ಯ ಹುಟ್ಟುವ ಮುಂಚಿನ ಅಂಕಿಯನ್ನು ನಂಬಲರ್ಹ ಕಡೆಯ ಅಂಕಿಯೊಂದಿಗೆ ಹೋಲಿಸಿ. ಹುಬ್ಬಳ್ಳಿಯವರಿಗೆ ಮೆಟಾರ್ ಇದೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ವೀಕ್ಷಣಾಲಯ ಇದೆ. ಗದಗದಲ್ಲಿ ಹವಾಮಾನ ಇಲಾಖೆಯದೇ ಕೇಂದ್ರ ಇದೆ. ಹೋಬಳಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಯಂತ್ರಗಳಿವೆ. ನಸುಕಿನಲ್ಲಿ ತಾಳೆಯಾಗಿ ಮಧ್ಯಾಹ್ನ ಎರಡಕ್ಕೆ ಮಾತ್ರ ನಾಲ್ಕು ಡಿಗ್ರಿ ಹೆಚ್ಚಾದರೆ ಅದು ಬಿಸಿಲು. ಕನ್ಸೋಲ್‌ನಲ್ಲಿ ಆಫ್‌ಸೆಟ್ (ಎಲ್ಲ ಹೊತ್ತಿಗೂ ಒಂದೇ ಆದ ತಿದ್ದುಪಡಿ ಅಂಕಿ) ಕಳೆದು ಅದನ್ನು ಸರಿಪಡಿಸಲು ಹೋದರೆ ರಾತ್ರಿಯ ಅಂಕಿ ಹಾಳಾಗುತ್ತದೆ. ಎರಡೂ ಹೊತ್ತು ಒಂದೇ ವ್ಯತ್ಯಾಸ ಇದ್ದರೆ ಮಾತ್ರ ಆಫ್‌ಸೆಟ್ ಹಾಕಿ. ಪತ್ರಿಕೆಯ ಕನಿಷ್ಠ ತಾಪಮಾನ ಬೆಳಿಗ್ಗೆ 8:30ಕ್ಕೆ ಮುಗಿಯುವ ದಿನದ ಲೆಕ್ಕ, ನಿಮ್ಮ ಕನ್ಸೋಲ್ ಮಧ್ಯರಾತ್ರಿಗೆ ಪುಟ ತಿರುವುತ್ತದೆ. ಹೋಲಿಸುವಾಗ ಇದು ನೆನಪಿರಲಿ. ಮಳೆ ನಿಂತ ಮೇಲೆ ಅರ್ಧ ತಾಸು ಒದ್ದೆ ಡಬ್ಬಿ ಆವಿಯಾಗುತ್ತ ಒಂದು ಡಿಗ್ರಿ ಕಡಿಮೆ ತೋರಿಸಿದರೂ ತಲೆ ಕೆಡಿಸಿಕೊಳ್ಳಬೇಡಿ.

ಉಳಿದ ಸಣ್ಣಪುಟ್ಟ ಕಿರಿಕಿರಿ. ಗಡಿಯಾರ ರೇಡಿಯೊ ಸಂಕೇತದಿಂದ ತಾನೇ ಹೊಂದಿಕೊಳ್ಳುತ್ತದೆ ಎಂದು ಬರೆದಿರುತ್ತದೆ. ಆ ಸಂಕೇತ ಬರುವುದು ಜರ್ಮನಿ ಅಥವಾ ಅಮೆರಿಕದ ಗೋಪುರದಿಂದ, ಹಾವೇರಿಗೆ ಮುಟ್ಟುವುದಿಲ್ಲ. ಆ ಸೌಲಭ್ಯ ಆಫ್ ಮಾಡಿ ಕೈಯಿಂದ ಹೊಂದಿಸಿ. ಕೆಲವು ಅಗ್ಗದ ಕನ್ಸೋಲ್‌ಗಳು ಐದೂವರೆ ತಾಸಿನ ಕಾಲವಲಯ ಒಪ್ಪುವುದೇ ಇಲ್ಲ, ಐದು ಅಥವಾ ಆರು ಮಾತ್ರ. ದಾಖಲೆ ಇಡುವವರಿಗೆ ಇದು ದೊಡ್ಡ ತೊಡಕು. ವೈಫೈ ಇರುವ ಮಾಡೆಲ್‌ಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಬೇಕು. ರೌಟರ್‌ನಲ್ಲಿ ಎರಡೂ ಬ್ಯಾಂಡಿಗೆ ಒಂದೇ ಹೆಸರಿದ್ದರೆ ಜೋಡಣೆ ಅರ್ಧಕ್ಕೆ ನಿಲ್ಲುತ್ತದೆ, ಬೇರೆ ಬೇರೆ ಹೆಸರು ಕೊಟ್ಟು ಮತ್ತೆ ಪ್ರಯತ್ನಿಸಿ. ಪೆಟ್ಟಿಗೆಯ ಮೇಲಿನ 100 ಮೀಟರ್ ವ್ಯಾಪ್ತಿ ಬಯಲಿನ ಮಾತು, ಎರಡು ಕಾಂಕ್ರೀಟ್ ಗೋಡೆ ಅಡ್ಡ ಬಂದರೆ ಇಪ್ಪತ್ತು-ಮೂವತ್ತು ಮೀಟರ್ ಸಿಕ್ಕರೆ ಹೆಚ್ಚು. ಪರದೆಯಲ್ಲಿ ಅಂಕಿಯ ಬದಲು ಗೀಟುಗಳು ಬಂದರೆ ಎರಡೂ ಕಡೆಯ ಸೆಲ್ ತೆಗೆದು, ಮೊದಲು ಹೊರಗಿನದಕ್ಕೆ, ಆಮೇಲೆ ಕನ್ಸೋಲಿಗೆ ಹಾಕಿ, ಹತ್ತಿರ ಇಟ್ಟು, ಅಂಕಿ ಬರುವವರೆಗೆ ಯಾವ ಬಟನ್ನೂ ಮುಟ್ಟದೆ ಕಾಯಿರಿ. ಕರೆಂಟು ಹೋದಾಗ ದಾಖಲೆ ಅಳಿಯದಿರಲು ಅಡಾಪ್ಟರ್ ಜೊತೆ ಕನ್ಸೋಲಿನಲ್ಲೂ ಸೆಲ್ ಇರಲಿ. ಹೊರಗೆ ಆಲ್ಕಲೈನ್ ಸೆಲ್ ಹಾಕಿ. ರೀಚಾರ್ಜ್ ಆಗುವವು 1.2 ವೋಲ್ಟ್ ಆದ್ದರಿಂದ ಬ್ಯಾಟರಿ ಖಾಲಿ ಎಂಬ ಗುರುತು ಬೇಗ ಬರುತ್ತದೆ.

ಮಳೆಗಾಲಕ್ಕೆ ಮುನ್ನ ಸೆಲ್ ಮುಚ್ಚಳದ ರಬ್ಬರ್ ನೋಡಿ, ಸ್ಪ್ರಿಂಗಿನಲ್ಲಿ ಹಸಿರು ಕಿಲುಬು ಕಂಡರೆ ಉಜ್ಜಿ ಒರೆಸಿ. ಇರುವೆ, ಜೇಡ ಒಳಗೆ ಮನೆ ಮಾಡಿದರೆ ಗಾಳಿಯ ದಾರಿ ಕಟ್ಟಿ ತಾಪಮಾನ ನಿಧಾನವಾಗುತ್ತದೆ. ಜುಲೈ-ಆಗಸ್ಟ್‌ನಲ್ಲಿ ತೇವಾಂಶ 99ಕ್ಕೆ ಅಂಟಿಕೊಂಡು ಬಿಸಿಲು ಬಂದರೂ ಇಳಿಯದಿದ್ದರೆ ಆ ಚಿಪ್ ಮುಗಿದ ಲೆಕ್ಕ. ಬ್ಯಾಡಗಿ ಕಡೆ ಮೆಣಸಿನಕಾಯಿ ಒಣಗಿಸಲು ಈ ಅಂಕಿ ನೆಚ್ಚುವವರು ವರ್ಷಕ್ಕೊಮ್ಮೆ ಉಪ್ಪಿನ ಪರೀಕ್ಷೆ ಮಾಡಲಿ. ಬಾಟಲಿ ಮುಚ್ಚಳದಲ್ಲಿ ಒದ್ದೆ ಉಪ್ಪಿಟ್ಟು, ಸೆನ್ಸರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ತಾಸು ಮುಚ್ಚಿಟ್ಟರೆ 75 ತೋರಿಸಬೇಕು.

ಯಾರಿಗೆ ಬೇಕು, ಯಾರಿಗೆ ಬೇಡ? ಮನೆಯೊಳಗಿನ ಸೆಕೆ ಎಷ್ಟೆಂದು ತಿಳಿದರೆ ಸಾಕು ಎನ್ನುವವರಿಗೆ ಕೆಲವು ನೂರು ರೂಪಾಯಿಯ ಎಚ್‌ಟಿಸಿ-1 ಗಡಿಯಾರ ಸಾಕು, ಹೊರಗಿನದೂ ಬೇಕಾದರೆ ವೈರ್ ಇರುವ ಎಚ್‌ಟಿಸಿ-2. ಇವುಗಳಲ್ಲಿ ಒತ್ತಡ ಇಲ್ಲ. ಬೆಸುಗೆ ಬಲ್ಲವರು ಇಎಸ್‌ಪಿ ಎಂಬ ಸಣ್ಣ ವೈಫೈ ಸರ್ಕ್ಯೂಟ್ ಬೋರ್ಡಿಗೆ ಬಿಎಂಇ280 ಕಟ್ಟಿಕೊಂಡರೆ ಕಚ್ಚಾ ಅಂಕಿ ಕೈಗೆ ಸಿಗುತ್ತದೆ. ಆದರೆ ಅದೇ ಹೆಸರಿನಲ್ಲಿ ತೇವಾಂಶ ಅಳೆಯದ ಬಿಎಂಪಿ280 ಕೊಟ್ಟು ಕಳಿಸುವ ಅಂಗಡಿಗಳಿವೆ. ಚಿಪ್ ಚಚ್ಚೌಕವಿದ್ದರೆ ಬಿಎಂಇ, ಉದ್ದುದ್ದವಿದ್ದರೆ ಬಿಎಂಪಿ. ಪ್ರೋಗ್ರಾಂನಲ್ಲಿ ಚಿಪ್ ಐಡಿ ಹೆಕ್ಸ್ 60 ಬರಬೇಕು, 58 ಬಂದರೆ ಟೋಪಿ. ಬಿಡದೆ ಅಳೆಯುತ್ತಿದ್ದರೆ ಚಿಪ್ ತಾನೇ ಕಾದು ಒಂದೆರಡು ಡಿಗ್ರಿ ಹೆಚ್ಚು ಹೇಳುತ್ತದೆ, ನಿಮಿಷಕ್ಕೊಮ್ಮೆ ಎಬ್ಬಿಸಿ ಓದಿಸಿ ಮಲಗಿಸುವ ಫೋರ್ಸ್ಡ್ ಮೋಡ್ ಬಳಸಿ. ಉಳಿದವರು ಸಿದ್ಧ ಸೆಟ್ ಕೊಳ್ಳುವಾಗ ಅಬ್ಸಲ್ಯೂಟ್ ಮತ್ತು ರಿಲೇಟಿವ್ ಎರಡನ್ನೂ ತೋರಿಸುವ, ಕನಿಷ್ಠ 24 ತಾಸಿನ ಗ್ರಾಫ್ ಅಥವಾ ದಾಖಲೆ ಇರುವ, ತಾಪಮಾನಕ್ಕೆ ಆಫ್‌ಸೆಟ್ ಕೊಡಲು ಬರುವ ಮಾಡೆಲನ್ನೇ ಆರಿಸಲಿ. ಪರದೆಯ ಬಣ್ಣಕ್ಕೆ ಹೆಚ್ಚು ದುಡ್ಡು ಕೊಡುವುದು ದಂಡ.

ವಾಪಸಾತಿಯ ಗಡುವು ಮುಗಿಯುವುದರೊಳಗೆ ಮೂರು ಕೆಲಸ ಮಾಡಿ. ಮೆಟ್ಟಿಲು ಹತ್ತಿ ಇಳಿಯುವ ಒತ್ತಡದ ಪರೀಕ್ಷೆ. ಒಳಗಿನ ಕನ್ಸೋಲ್, ಹೊರಗಿನ ಘಟಕ ಎರಡನ್ನೂ ಒಂದೇ ಮೇಜಿನ ಮೇಲೆ ಫ್ಯಾನ್ ಗಾಳಿಯಲ್ಲಿ ಒಂದು ತಾಸು ಇಟ್ಟು, ತಾಪಮಾನದ ವ್ಯತ್ಯಾಸ ಒಂದು ಡಿಗ್ರಿಗಿಂತ ಕಡಿಮೆ ಇದೆಯೇ ಎಂದು ನೋಡುವುದು. ಕೊನೆಯದಾಗಿ, ಕಾಯಂ ಜಾಗದಲ್ಲಿ ಒಂದು ಪೂರ್ತಿ ರಾತ್ರಿ ಬಿಟ್ಟು, ಬೆಳಿಗ್ಗೆ ದಾಖಲೆಯಲ್ಲಿ ಸಿಗ್ನಲ್ ಕಡಿದ ತಾಸು ಇದೆಯೇ ಎಂದು ಹುಡುಕುವುದು. ಇದ್ದರೆ ಜಾಗ ಬದಲಿಸಿ ಇನ್ನೊಂದು ರಾತ್ರಿ. ಮತ್ತೆ ಕಡಿದರೆ ಪೆಟ್ಟಿಗೆ ಕಟ್ಟಿ ಕಳಿಸಿಬಿಡಿ, ಥರ್ಮೋಕೋಲ್ ಸಮೇತ.